ತುರಹಳ್ಳಿಯ ಬಂಡೆಗೂ ತೀರ್ಥಹಳ್ಳಿಯ ಕೆಸರಿಗೂ ಹೊಂದುವ ಮೌಂಟನ್ ಬೈಕ್: 45 ಸಾವಿರದೊಳಗೆ ಯಾವುದನ್ನು ಕೊಳ್ಳಲಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಬನಶಂಕರಿ ಆರನೆಯ ಹಂತದಲ್ಲಿದ್ದೇನೆ. ತುರಹಳ್ಳಿ ಕಾಡಿನ ಅಂಚು ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಊರು ತೀರ್ಥಹಳ್ಳಿಯ ಕಡೆ; ವರ್ಷಕ್ಕೆ ನಾಲ್ಕೈದು ಸಲ ಹೋಗಿ ವಾರಗಟ್ಟಲೆ ಇದ್ದು ಬರುವ ಅನುಕೂಲವಿದೆ. ಭಾನುವಾರ ಬೆಳಗ್ಗೆ ಎರಡು ಗಂಟೆ ಮಣ್ಣಿನ ಹಾದಿಯಲ್ಲಿ ಸೈಕಲ್ ತುಳಿಯಬೇಕು, ಊರಿಗೆ ಹೋದಾಗ ತೋಟದ ದಾರಿ, ಗದ್ದೆಯ ಬದು, ಹಳೆಯ ಗಾಡಿಜಾಡುಗಳಲ್ಲಿ ಸುತ್ತಾಡಬೇಕು ಎಂಬುದಷ್ಟೇ ನನ್ನ ಆಸೆ. ಸ್ಪರ್ಧೆಯ ಹಂಬಲವಿಲ್ಲ, ಸೈಕಲ್ಲನ್ನು ಎತ್ತರದಿಂದ ಹಾರಿಸುವ ಉದ್ದೇಶವೂ ಇಲ್ಲ. ವಯಸ್ಸು 41, ಎತ್ತರ 5 ಅಡಿ 8 ಅಂಗುಲ, ತೂಕ 74 ಕಿಲೋ. ಕಾಲೇಜು ಮುಗಿಯುವವರೆಗೆ ದಿನವೂ ಸೈಕಲ್ ತುಳಿದವನು. ಆಮೇಲೆ ಇಪ್ಪತ್ತು ವರ್ಷ ಮುಟ್ಟಿಲ್ಲ.

ಹೆಲ್ಮೆಟ್, ಪಂಪು ಎಲ್ಲ ಸೇರಿ 45 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಹೋದ ವಾರ ಮೂರು ಅಂಗಡಿ ಸುತ್ತಿದೆ. ಮೊದಲನೆಯದರಲ್ಲಿ ಮುಂದೆಯೂ ಹಿಂದೆಯೂ ಶಾಕ್ ಇರುವ, 26 ಅಂಗುಲ ಗಾಲಿಯ, 21 ಗೇರಿನ ಸೈಕಲ್ಲನ್ನು 22 ಸಾವಿರಕ್ಕೆ ತೋರಿಸಿದರು. ಎರಡನೆಯದರಲ್ಲಿ ನಾಲ್ಕು ಅಂಗುಲ ದಪ್ಪ ಟೈರಿನ ಫ್ಯಾಟ್ ಬೈಕ್ ತೋರಿಸಿ, ಕಾಡಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಎಂದರು. ಮೂರನೆಯ ಅಂಗಡಿಯಲ್ಲಿ ಮುಂದೆ ಮಾತ್ರ ಶಾಕ್ ಇರುವ, ನೋಡಲು ಸಾಧಾರಣವಾದ 29 ಅಂಗುಲ ಗಾಲಿಯ ಸೈಕಲ್ಲಿಗೆ 36 ಸಾವಿರ ಹೇಳಿದರು. ಅದಕ್ಕೆ ಮುಂದೆ ಒಂದೇ ಚೈನ್‌ವೀಲ್, ಹಿಂದೆ ಹತ್ತು ಗೇರು. ಎಣಿಸಿದರೆ ಸಾಮಾನು ಕಡಿಮೆ ಇರುವ ಸೈಕಲ್ಲಿಗೇ ಹೆಚ್ಚು ಬೆಲೆ ಏಕೆ ಎಂಬುದು ನನಗೆ ಅರ್ಥವಾಗಲಿಲ್ಲ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಸವಾರ:

ಮೂರನೆಯ ಅಂಗಡಿಯ ಸೈಕಲ್ಲೇ ನಿಮಗೆ ಸರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಹಿಂದಿನ ಗಾಲಿಗೂ ಶಾಕ್ ಕೊಡುವುದು ಕೆಟ್ಟ ವಿಚಾರವಲ್ಲ. ಆದರೆ ಅದು ನೆಟ್ಟಗೆ ಕೆಲಸ ಮಾಡಬೇಕಾದರೆ ಫ್ರೇಮಿನ ಕೀಲುಗಳಲ್ಲಿ ಬೇರಿಂಗ್ ಇರಬೇಕು, ಸ್ಪ್ರಿಂಗಿನ ಜೊತೆಗೆ ಅದರ ಪುಟಿತವನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಇರಬೇಕು. ಇಪ್ಪತ್ತೆರಡು ಸಾವಿರದಲ್ಲಿ ಇವೆರಡನ್ನೂ ಕೊಡಲು ಯಾವ ತಯಾರಕರಿಗೂ ಸಾಧ್ಯವಿಲ್ಲದ ಕಾರಣ, ಅಲ್ಲಿ ಇರುವುದು ಬರೀ ಸ್ಪ್ರಿಂಗು ಮತ್ತು ಪ್ಲಾಸ್ಟಿಕ್ ಬುಷ್. ಏರಿನಲ್ಲಿ ನೀವು ತುಳಿದ ಬಲದ ಒಂದು ಪಾಲನ್ನು ಆ ಸ್ಪ್ರಿಂಗೇ ನುಂಗುತ್ತದೆ; ಇಳಿಜಾರಿನಲ್ಲಿ ಕಲ್ಲಿಗೆ ಬಡಿದಾಗ ಅದೇ ಸ್ಪ್ರಿಂಗು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಹದಿನೈದು ವರ್ಷದ ಹಿಂದೆ ನಾನು ಕೊಂಡ ಮೊದಲ ಸೈಕಲ್ ಇಂಥದ್ದೇ. ಎಂಟು ತಿಂಗಳಾಗುವಷ್ಟರಲ್ಲಿ ಬುಷ್ ಸವೆದು, ಹಿಂದಿನ ಗಾಲಿ ಎಡಕ್ಕೂ ಬಲಕ್ಕೂ ಅರ್ಧ ಅಂಗುಲ ಆಡುತ್ತಿತ್ತು. ಅದಕ್ಕೆ ಹೊಂದುವ ಬುಷ್ ಎಲ್ಲಿಯೂ ಸಿಗದೆ ಕೊನೆಗೆ ಗುಜರಿಗೆ ಕೊಟ್ಟೆ. ಆ ದುಡ್ಡನ್ನು ಕೂಡಿಸಲು ನಾನು ಪಟ್ಟ ಪಾಡು ಇಂದಿಗೂ ನೆನಪಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫ್ಯಾಟ್ ಬೈಕ್ ಹುಟ್ಟಿದ್ದು ಅಲಾಸ್ಕಾದ ಹಿಮ ಮತ್ತು ಮರುಭೂಮಿಯ ಮರಳಿಗಾಗಿ, ಅಂದರೆ ಸಾಧಾರಣ ಟೈರು ಹೂತುಹೋಗುವ ನೆಲಕ್ಕಾಗಿ. ಗೋಕರ್ಣದ ಕಡಲತಡಿಯಲ್ಲಿ ತುಳಿಯುವವರಿಗೆ ಅದು ಬೇಕಾದೀತು. ತುರಹಳ್ಳಿಯ ಗಟ್ಟಿ ನೆಲದಲ್ಲಾಗಲಿ ಮಲೆನಾಡಿನ ಏರಿನಲ್ಲಾಗಲಿ ಆ ಟೈರುಗಳ ತೂಕವನ್ನು ನೀವು ಸುಮ್ಮನೆ ಹೊತ್ತು ತಿರುಗುತ್ತೀರಿ.

ತೂಕದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನಿಮ್ಮೂರಿನಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ದಾಟುವಾಗ ಬೇಲಿಯಲ್ಲಿ ಎಷ್ಟು ದಣಪೆ (ಗಳು ಸರಿಸಿ ದಾಟುವ ಬಾಗಿಲು), ಎಷ್ಟು ತಡಮೆ (ಹತ್ತಿ ಇಳಿಯುವ ದಾಟು) ಸಿಗುತ್ತವೆ ಎಂಬುದನ್ನು ನೆನಪಿಸಿಕೊಳ್ಳಿ. ದಣಪೆಯಾದರೆ ಗಳು ಸರಿಸಿ ಸೈಕಲ್ಲನ್ನು ನೂಕಿಕೊಂಡು ಹೋಗಬಹುದು. ತಡಮೆಯಾದರೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡೇ ಹತ್ತಿ ಇಳಿಯಬೇಕು. ಅಲ್ಲಿ 14 ಕಿಲೋ ಸೈಕಲ್ಲಿಗೂ 18 ಕಿಲೋ ಸೈಕಲ್ಲಿಗೂ ಇರುವ ವ್ಯತ್ಯಾಸ ಮೂರನೆಯ ತಡಮೆಗೆ ಚೆನ್ನಾಗಿ ಅರ್ಥವಾಗುತ್ತದೆ.

ಮುಂದಿನ ಶಾಕ್, ಅಂದರೆ ಫೋರ್ಕ್, ಗಾಳಿಯದೋ ಸ್ಪ್ರಿಂಗಿನದೋ ಎಂದು ಅಂಗಡಿಯವರನ್ನು ಕೇಳಿ. ಸ್ಪ್ರಿಂಗಿನದಾದರೆ ಅದರ ಬಿಗಿಯನ್ನು ಕಾರ್ಖಾನೆಯೇ ನಿರ್ಧರಿಸಿಬಿಟ್ಟಿರುತ್ತದೆ. 55 ಕಿಲೋ ತೂಗುವವರಿಗೂ 90 ಕಿಲೋ ತೂಗುವವರಿಗೂ ಒಂದೇ ಸ್ಪ್ರಿಂಗು. ಗಾಳಿಯದಾದರೆ ನಿಮ್ಮ ತೂಕಕ್ಕೆ ಹೊಂದಿಸಬಹುದು. 100 ಮಿಲಿಮೀಟರ್ ಇಳಿಯುವ ಫೋರ್ಕಾದರೆ, ನೀವು ಏರಿ ಕುಳಿತು ಕದಲದೆ ಇದ್ದಾಗ ಸುಮಾರು 20 ಮಿಲಿಮೀಟರ್ ಇಳಿದಿರಬೇಕು. ಫೋರ್ಕಿನ ಕಾಲಿಗೆ ಒಂದು ರಬ್ಬರ್ ಉಂಗುರ ತೊಡಿಸಿ ಅಳೆದರೆ ಗೊತ್ತಾಗುತ್ತದೆ. ನಿಮ್ಮ ಬಗೆಯ ಸವಾರಿಗೆ 100 ಮಿಲಿಮೀಟರ್ ಸಾಕು, 120 ಇದ್ದರೆ ತಪ್ಪಲ್ಲ. ಅದಕ್ಕೂ ಹೆಚ್ಚಿನದಕ್ಕೆ ದುಡ್ಡು ಸುರಿಯಬೇಡಿ.

ಗಾಲಿಮನೆ:

ನಾನು ಮೈಸೂರಿನಲ್ಲಿ ಸೈಕಲ್ ರಿಪೇರಿ ಮಾಡುವವನು. ಹಳೆಯ ಸವಾರರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬೆಲೆಯ ವ್ಯತ್ಯಾಸ ಹೆಚ್ಚಾಗಿ ಅಡಗಿರುವುದು ಕಣ್ಣಿಗೆ ಕಾಣದ ಜಾಗದಲ್ಲಿ, ಅಂದರೆ ಹಿಂದಿನ ಗಾಲಿಯ ನಡುಭಾಗವಾದ ಹಬ್ಬಿನಲ್ಲಿ.

ಹಿಂದೆ ಏಳು ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಹಲ್ಲುಗಳ ಗುಚ್ಛವನ್ನು ಹಬ್ಬಿನ ಮೇಲೆ ಸ್ಕ್ರೂವಿನಂತೆ ತಿರುಗಿಸಿ ಕೂರಿಸಿರುತ್ತಾರೆ. ಅದೇ ಫ್ರೀವೀಲ್. ಆ ಏರ್ಪಾಟಿನಲ್ಲಿ ಬಲಗಡೆಯ ಬೇರಿಂಗು ಫ್ರೀವೀಲಿನಿಂದ ಒಳಗೆ, ಹಬ್ಬಿನ ನಡುವಿನ ಕಡೆಗೆ ಸರಿದಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ, ಅಂದರೆ ಗಾಲಿಯ ಅಚ್ಚಿಗೆ, ಯಾವ ಆಧಾರವೂ ಇರುವುದಿಲ್ಲ. ಸವಾರ ಬಂಡೆಯ ಮೇಲಿಂದ ಒಂದು ಅಡಿ ಇಳಿಸಿದಾಗಲೆಲ್ಲ ಆ ಆಧಾರವಿಲ್ಲದ ತುಂಡೇ ಭಾರ ಹೊರಬೇಕು. ಮೊದಲು ಬಾಗುತ್ತದೆ, ಕೆಲವು ತಿಂಗಳಲ್ಲಿ ಮುರಿಯುತ್ತದೆ. ಹಲ್ಲುಗಳ ಗುಚ್ಛವನ್ನು ತಿರುಗಿಸದೆ ಜಾರಿಸಿ ಕೂರಿಸುವ ಬಗೆಗೆ ಕ್ಯಾಸೆಟ್ ಎನ್ನುತ್ತಾರೆ; ಅದು ಇರುವ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಹೊರತುದಿಯಲ್ಲೇ ಇರುವುದರಿಂದ ಈ ತೊಂದರೆ ತೀರಾ ಕಡಿಮೆ. ನನ್ನ ಅಂಗಡಿಗೆ ಬರುವ ಬಾಗಿದ ಆಕ್ಸಲ್ಲುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಫ್ರೀವೀಲಿನವೇ. ಅಂಗಡಿಯಲ್ಲಿ ಬೇರೇನನ್ನೂ ಕೇಳದಿದ್ದರೂ ಫ್ರೀವೀಲೋ ಕ್ಯಾಸೆಟ್ಟೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಎರಡನೆಯದು ಬ್ರೇಕು. ಎಲ್ಲರೂ ಡಿಸ್ಕ್ ಇದೆ ಎನ್ನುತ್ತಾರೆ, ಆದರೆ ಡಿಸ್ಕಿನಲ್ಲಿ ಎರಡು ಜಾತಿ. ತಂತಿಯಿಂದ ಎಳೆಯುವುದು ಒಂದು, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಇನ್ನೊಂದು. ತಂತಿಯ ಕೊಳವೆಯೊಳಗೆ ಕೆಸರು ನೀರು ಹೊಕ್ಕರೆ ಬ್ರೇಕಿನ ಹಿಡಿ ಒತ್ತಲು ಬಿಗಿಯಾಗುತ್ತದೆ, ಉದ್ದ ಇಳಿಜಾರಿನಲ್ಲಿ ಬೆರಳು ಸೋಲುತ್ತದೆ. ಹೈಡ್ರಾಲಿಕ್ ಆದರೆ ಒಂದೇ ಬೆರಳು ಸಾಕು, ಉಳಿದ ಬೆರಳುಗಳು ಹ್ಯಾಂಡಲ್ ಹಿಡಿದಿರಬಹುದು. ಮೌಂಟನ್ ಬೈಕಿನ ಚರಿತ್ರೆ ಶುರುವಾಗುವುದೇ ಬ್ರೇಕಿನ ಫಜೀತಿಯಿಂದ ಎಂದರೂ ತಪ್ಪಿಲ್ಲ: 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ಹಳೆಯ ಭಾರದ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುವ ಪಂದ್ಯ ಆರಂಭಿಸಿದಾಗ, ಒಂದು ಇಳಿತಕ್ಕೇ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿದ್ದುದರಿಂದ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರೇ ನಿಂತಿತು.

ನೀವು ಮಲೆನಾಡಿಗೂ ಒಯ್ಯುವುದರಿಂದ ಇನ್ನೊಂದನ್ನು ನೋಡಿಕೊಳ್ಳಿ. ಬ್ರೇಕಿನ ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂದು ಕೆತ್ತಿರುವುದುಂಟು. ಅಂಥ ಡಿಸ್ಕಿಗೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕೇ ಸವೆದುಹೋಗುತ್ತದೆ. ಮರಳು ಬೆರೆತ ಕೆಸರಿನಲ್ಲಿ ರೆಸಿನ್ ಪ್ಯಾಡು ಬಹಳ ಬೇಗ ತೀರುತ್ತದೆ, ಆದ್ದರಿಂದ ಊರಿಗೆ ಹೋಗುವಾಗ ಒಂದು ಜೊತೆ ಹೊಸ ಪ್ಯಾಡು ಚೀಲದಲ್ಲಿರಲಿ.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಮತ್ತೆ ಹೋಗಿ ಕೇಳಿದೆ: ಹಿಂದೆ 11ರಿಂದ 46 ಹಲ್ಲಿನ ಕ್ಯಾಸೆಟ್, ಹೈಡ್ರಾಲಿಕ್ ಬ್ರೇಕ್, ಗಾಳಿಯ ಫೋರ್ಕ್. ಮುಂದೆ 32 ಹಲ್ಲಿನ ಒಂದೇ ಚೈನ್‌ವೀಲ್ ಇರುವುದರಿಂದ ಏರಿಗೆ ಸಾಲದೇನೋ ಎಂಬ ಅಳುಕು ಮಾತ್ರ ಉಳಿದಿದೆ. ಅಳತೆಯ ವಿಷಯದಲ್ಲೂ ಗೊಂದಲವಿದೆ. ಅಂಗಡಿಯಲ್ಲಿ ಸದ್ಯ ಇರುವುದು ಎಲ್ ಅಳತೆಯ ಸೈಕಲ್. ಸೀಟು ಇಳಿಸಿಕೊಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ.

ಹಳೆಯ ಸವಾರ:

ಗೇರಿನ ಲೆಕ್ಕ ಸುಲಭ. 32ನ್ನು 46ರಿಂದ ಭಾಗಿಸಿದರೆ 0.70. ಅಂದರೆ ಪೆಡಲು ಒಂದು ಪೂರ್ತಿ ಸುತ್ತು ಬಂದಾಗ ಗಾಲಿ ಮುಕ್ಕಾಲಿಗಿಂತ ಕಡಿಮೆ ತಿರುಗುತ್ತದೆ, ಸೈಕಲ್ ಸುಮಾರು 1.6 ಮೀಟರ್ ಮುಂದೆ ಹೋಗುತ್ತದೆ. ಮೊದಲ ಅಂಗಡಿಯ 21 ಗೇರಿನ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದಿನ ಚಿಕ್ಕದು 24, ಹಿಂದಿನ ದೊಡ್ಡದು 28, ಭಾಗಿಸಿದರೆ 0.86. ಗಾಲಿ ಚಿಕ್ಕದಾದರೂ ಒಂದು ಸುತ್ತಿಗೆ ಅದು 1.75 ಮೀಟರಿನಷ್ಟು ಹೋಗುತ್ತದೆ, ಏರಿನಲ್ಲಿ ಅಷ್ಟರಮಟ್ಟಿಗೆ ಹೆಚ್ಚು ಕಾಲುಬಲ ಕೇಳುತ್ತದೆ. ಏರಿಗೆ ಬೇಕಾದ ಗೇರು ಹತ್ತರ ಸೈಕಲ್ಲಿನಲ್ಲೇ ಹಗುರ. ಮುಂದಿನ ಗೇರು ಬದಲಿಸುವ ಯಂತ್ರವೇ ಇಲ್ಲದಿರುವುದರಿಂದ ಕೆಸರು ಸಿಕ್ಕಿಕೊಳ್ಳುವ ಜಾಗವೂ ಒಂದು ಕಡಿಮೆಯಾಯಿತು.

ಹಾದಿಗಾತಿ:

ದಯವಿಟ್ಟು ಎಲ್ ಅಳತೆಯದನ್ನು ಕೊಳ್ಳಬೇಡಿ. ನನ್ನ ಎತ್ತರ 5 ಅಡಿ 2 ಅಂಗುಲ. ಅಂಗಡಿಯವರ ಇದೇ ಮಾತನ್ನು ನಂಬಿ ಒಮ್ಮೆ ಎಮ್ ಅಳತೆಯ ಸೈಕಲ್ ಕೊಂಡು ಒಂದು ವರ್ಷ ಭುಜನೋವು, ಅಂಗೈ ಜೋಮು ಅನುಭವಿಸಿದ್ದೇನೆ. ಸೀಟು ಇಳಿಸಿದರೆ ಎತ್ತರ ಮಾತ್ರ ಕಡಿಮೆಯಾಗುತ್ತದೆ. ಸೀಟಿನಿಂದ ಹ್ಯಾಂಡಲ್ಲಿಗೆ ಇರುವ ದೂರ ಫ್ರೇಮಿನದು, ಅದನ್ನು ಯಾರೂ ಇಳಿಸಿ ಕೊಡಲಾರರು. ರಸ್ತೆಯಲ್ಲಿ ಅರ್ಧ ಗಂಟೆ ತುಳಿದಾಗ ಇದು ಗೊತ್ತಾಗುವುದಿಲ್ಲ. ಕಲ್ಲುದಾರಿಯಲ್ಲಿ ಪೆಡಲಿನ ಮೇಲೆ ಎದ್ದು ನಿಂತು, ಮೊಣಕೈ ಬಾಗಿಸಿ, ಸೈಕಲ್ಲನ್ನು ನಿಮ್ಮ ಕೆಳಗೆ ಆಡಲು ಬಿಡಬೇಕಾಗುತ್ತದೆ. ಫ್ರೇಮು ಉದ್ದವಾದರೆ ಕೈ ನೀಟವಾಗಿ ಚಾಚಿರುತ್ತದೆ, ಮೊಣಕೈ ಬಾಗಿಸಲು ಎಡೆಯೇ ಇರುವುದಿಲ್ಲ, ಪ್ರತಿ ಕಲ್ಲಿನ ಏಟೂ ನೇರವಾಗಿ ಹೆಗಲಿಗೇ ಬರುತ್ತದೆ.

ಮನೆಯಲ್ಲಿ ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ರಟ್ಟಿನ ಪುಸ್ತಕವನ್ನು ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿಗೆ ಅಳತೆ ತೆಗೆದುಕೊಳ್ಳಿ. ಸೈಕಲ್ಲಿನ ಮೇಲ್ಕೊಳವೆ ಆ ಅಳತೆಗಿಂತ ಕನಿಷ್ಠ ಎರಡು ಅಂಗುಲ ಕೆಳಗಿರಬೇಕು. ಇಳಿಜಾರಿನಲ್ಲಿ ಆಯತಪ್ಪಿ ಧಡಕ್ಕನೆ ಕಾಲು ಊರಿದಾಗ ಆ ಎರಡು ಅಂಗುಲದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಎತ್ತರಕ್ಕೆ ಬಹುತೇಕ ತಯಾರಕರ ಎಮ್ ಅಳತೆ ಹೊಂದುತ್ತದೆ. ತರಿಸಿಕೊಡಲು ಎರಡು ವಾರ ಹಿಡಿಯುತ್ತದೆ ಎಂದರೆ ಎರಡು ವಾರ ಕಾಯಿರಿ.

ಕೋಟೆನಾಡು:

ನಾನು ಚಿತ್ರದುರ್ಗದವನು. ಟೈರಿನ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬಯಲುಸೀಮೆಯಲ್ಲಿ ಸೈಕಲ್ಲಿನ ದೊಡ್ಡ ಶತ್ರು ಕಲ್ಲಲ್ಲ, ಮುಳ್ಳು. ಬಳ್ಳಾರಿ ಜಾಲಿಯ ಒಣಗಿದ ಕೊಂಬೆ ದಾರಿಗೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೆ ಮಾಡಿಕೊಂಡೇ ಕುಳಿತಿರುತ್ತದೆ. ತುರಹಳ್ಳಿಯ ಕುರುಚಲು ಕಾಡಿನಲ್ಲೂ ಮುಳ್ಳಿಗೆ ಕೊರತೆಯಿಲ್ಲ.

ಟ್ಯೂಬ್ ಇರುವ ಟೈರಾದರೆ ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಮುನ್ನ ಮುಳ್ಳಿನ ಮುರಿದ ಮೊನೆಯನ್ನು ಹುಡುಕಿ ತೆಗೆಯಲೇಬೇಕು. ಹೊರಗಿನಿಂದ ಅದು ಕಾಣುವುದಿಲ್ಲ. ಒಂದು ಹಿಡಿ ಹತ್ತಿಯನ್ನು ಟೈರಿನ ಒಳಮೈಗೆ ಒತ್ತಿ ಸುತ್ತಲೂ ಎಳೆದರೆ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೊನೆ ಇದೆ. ಬೆರಳಿಂದ ತಡಕಾಡಿದರೆ ಬೆರಳಿಗೇ ಚುಚ್ಚುತ್ತದೆ. ಇದನ್ನು ಮಾಡದೆ ಹೊಸ ಟ್ಯೂಬ್ ಹಾಕಿದವರು ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಕೆಳಗಿಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಶಾಶ್ವತ ಪರಿಹಾರವೆಂದರೆ ಟ್ಯೂಬ್‌ಲೆಸ್. 29 ಅಂಗುಲದ ಒಂದೊಂದು ಟೈರಿಗೆ ಸುಮಾರು 100 ಮಿಲಿಲೀಟರ್ ಸೀಲಂಟ್ ಹಾಕಿಸಿದರೆ ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಅದು ಮೂರು ತಿಂಗಳಲ್ಲಿ ಒಣಗುವುದರಿಂದ ಮತ್ತೆ ತುಂಬಿಸುವುದನ್ನು ಮರೆಯಬಾರದು.

ಗಾಳಿಯ ಒತ್ತಡದಲ್ಲಿ ಹೆಚ್ಚಿನವರು ತಪ್ಪು ಮಾಡುತ್ತಾರೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿಯೇ ಹೊರತು ಹಾಕಬೇಕಾದ ಪ್ರಮಾಣವಲ್ಲ. 50 ಪಿಎಸ್ಐ ತುಂಬಿಸಿಕೊಂಡು ಮಣ್ಣಿನ ಹಾದಿಗೆ ಹೋದರೆ ಟೈರು ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, ತಿರುವಿನಲ್ಲಿ ಜಾರುತ್ತದೆ. ನಿಮ್ಮ ತೂಕಕ್ಕೆ, 2.25 ಅಂಗುಲದ ಟೈರಿಗೆ, ಟ್ಯೂಬ್ ಇದ್ದರೆ ಮುಂದೆ 27, ಹಿಂದೆ 30ರಿಂದ ಆರಂಭಿಸಿ. ತೀರಾ ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ತೂತಾಗುತ್ತವೆ.

ಹಳೆಯ ಸವಾರ:

ಕೋಟೆನಾಡು ಅವರ ಅನುಭವದ ಮೇಲೆ ನನಗೆ ಗೌರವವಿದೆ, ಆದರೂ ಟ್ಯೂಬ್‌ಲೆಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ವಾರಕ್ಕೆ ಒಂದೇ ಸಲ ತುಳಿಯುವ, ನಡುವೆ ತಿಂಗಳುಗಟ್ಟಲೆ ಬಿಡುವು ಬೀಳಬಹುದಾದ ಸವಾರರ ಸೈಕಲ್ಲಿನಲ್ಲಿ ಸೀಲಂಟು ಒಣಗಿ ಹಾಳೆಯಾಗಿರುವುದೇ ಹೆಚ್ಚು. ರಿಮ್ಮೂ ಟೈರೂ ಅದಕ್ಕಾಗಿ ಮಾಡಿದವಾಗಿರದಿದ್ದರೆ ಗಾಳಿಯೂ ನಿಲ್ಲುವುದಿಲ್ಲ. ಮೊದಲ ವರ್ಷ ಟ್ಯೂಬಿನಲ್ಲೇ ಇರಿ. ವಾಲ್ವಿನ ತಿರುಳು ಬಿಚ್ಚುವಂಥದಾದರೆ ಟ್ಯೂಬಿನೊಳಗೇ ಸ್ವಲ್ಪ ಸೀಲಂಟ್ ಹಾಕಿಸಿಕೊಳ್ಳಬಹುದು. ಮೋಟಾರ್‌ಸೈಕಲ್ಲಿಗೆ ಇರುವಂಥ ದಪ್ಪ ವಾಲ್ವಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು. ತೆಳ್ಳನೆಯ ಪ್ರೆಸ್ಟಾ ವಾಲ್ವಾದರೆ ಅದಕ್ಕೊಂದು ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಬೇಕು. ಅದಿಲ್ಲದೆ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಯಾರೂ ಏನೂ ಮಾಡಲಾರರು.

ಕೋಟೆನಾಡು:

ತುರಹಳ್ಳಿಯ ಮಟ್ಟಿಗೆ ನಿಮ್ಮ ಮಾತು ಸರಿಯಿರಬಹುದು. ನಮ್ಮ ಕಡೆಗೆ ಬರುವವರು ಟ್ಯೂಬ್ ನಂಬಿಕೊಂಡು ಬರಬಾರದು ಎಂಬ ನನ್ನ ಮಾತನ್ನು ನಾನು ಬಿಡುವುದಿಲ್ಲ.

ತೋಟದ ದಾರಿ:

ಸಕಲೇಶಪುರದಿಂದ ಬರೆಯುತ್ತಿದ್ದೇನೆ. ಮಲೆನಾಡಿನ ಪಾಲಿಗೆ ಸ್ವಲ್ಪ ಸೇರಿಸುವುದಿದೆ. ತುರಹಳ್ಳಿಯ ಒಣ ನೆಲಕ್ಕೆ ಹೊಂದುವ ಸಣ್ಣ ಗುಬುಟಿನ (ಮೇಲೆ ಎದ್ದಿರುವ ರಬ್ಬರ್ ಉಬ್ಬುಗಳ) ಟೈರು ನಮ್ಮ ಕೆಮ್ಮಣ್ಣಿನಲ್ಲಿ ಎರಡು ನಿಮಿಷಕ್ಕೆ ಮಣ್ಣು ಮೆತ್ತಿಕೊಂಡು ನುಣ್ಣಗಾಗಿಬಿಡುತ್ತದೆ. ಎರಡೂ ಕಡೆ ತುಳಿಯುವವರಿಗೆ ನನ್ನ ಸಲಹೆ ಇಷ್ಟೇ: ಹಿಂದಿನ ಟೈರು ಹೇಗಿದೆಯೋ ಹಾಗೇ ಇರಲಿ, ಮುಂದಕ್ಕೆ ಮಾತ್ರ ಗುಬುಟು ಎತ್ತರವಾಗಿ, ವಿರಳವಾಗಿ ಇರುವುದನ್ನು ಹಾಕಿಸಿ. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲಕ್ಕೆ ಬಿದ್ದಂತೆಯೇ.

ಮಳೆ ನಿಂತ ಮೇಲೂ ತೋಟದ ದಾರಿಯಲ್ಲಿ ದರಗಿನ (ಉದುರಿದ ಒಣ ಎಲೆಗಳ) ಕೆಳಗೆ ಏನಿದೆ ಎಂದು ಹೇಳಲಾಗುವುದಿಲ್ಲ. ಬೇರು, ಪಾಚಿ ಹಿಡಿದ ಕಲ್ಲು, ಒಡೆದ ಅಗಳಿನ (ಕಂದಕದ) ಅಂಚು ಎಲ್ಲವೂ ಮುಚ್ಚಿರುತ್ತವೆ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ಸೈಕಲ್ ತುಳಿಯುವ ಸಾಹಸ ಬೇಡ. ಒದ್ದೆಯಾದ ದಬ್ಬೆಯ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ಇಳಿದು, ಸೈಕಲ್ಲನ್ನು ಪಕ್ಕಕ್ಕೆ ಹಿಡಿದು ದಾಟಿ. ಪೆಡಲಿಗೆ ಸಣ್ಣ ಸ್ಕ್ರೂ ಮೊಳೆಗಳಿರುವ ಅಗಲವಾದ ಚಪ್ಪಟೆ ಪೆಡಲ್ ಹಾಕಿಸಿ, ಚಪ್ಪಟೆ ರಬ್ಬರ್ ಅಟ್ಟೆಯ ಶೂ ಹಾಕಿಕೊಳ್ಳಿ. ಸೈಕಲ್ಲಿನೊಂದಿಗೆ ಬರುವ ಪ್ಲಾಸ್ಟಿಕ್ ಪೆಡಲಿನ ಮೇಲೆ ಕೆಸರುಗಾಲು ಜಾರಿದರೆ ಮೊಣಕಾಲ ಕೆಳಗಿನ ಎಲುಬಿಗೆ ಅದು ಬಡಿಯುವ ನೋವು ಒಂದು ವಾರ ಇರುತ್ತದೆ. ಉಂಬಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲವೇ ಮದ್ದು, ಅದು ನಿಮಗೆ ಗೊತ್ತಿರುವುದೇ.

ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಕಾಲುದಾರಿಗೆ ಸೈಕಲ್ ಇಳಿಸಿದರೆ ಗಾಲಿಯ ಗೀರೇ ಮುಂದೆ ಕೊರಕಲಾಗಿ ದಾರಿ ಹಾಳಾಗುತ್ತದೆ. ಟಾರು ರಸ್ತೆಯಲ್ಲಿ ತುಳಿಯಿರಿ, ದಾರಿಗಳನ್ನು ನವೆಂಬರಿಗೆ ಬಿಡಿ. ಇನ್ನು ಸೋಮೇಶ್ವರದಂಥ ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯ್ದೆಯ ಕಟ್ಟುಪಾಡಿದೆ, ಅನುಮತಿಯಿಲ್ಲದೆ ಹೋಗಬಾರದು. ತುರಹಳ್ಳಿಯೂ ಅರಣ್ಯ ಇಲಾಖೆಯ ಜಾಗವೇ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಬೇಡವೆಂದು ಸುತ್ತಲಿನವರು ದನಿಯೆತ್ತಿದ ಕಾಡದು. ಗೇಟಿನಲ್ಲಿ ಸಮಯ, ನಿಯಮ ಕೇಳಿಕೊಂಡೇ ಒಳಗೆ ಹೋಗಿ, ನಡೆಯುವವರಿಗೆ ಮೊದಲು ದಾರಿ ಬಿಡಿ.

ತುಂಗಾತೀರ:

ಎಮ್ ಅಳತೆಯದಕ್ಕೆ ಮುಂಗಡ ಕೊಟ್ಟು ಬಂದಿದ್ದೇನೆ. ಇನ್ನು ಉಳಿದಿರುವುದು 9 ಸಾವಿರ. ಜೊತೆಗೆ ಕೊಳ್ಳಲೇಬೇಕಾದದ್ದು ಏನು, ಆಮೇಲೆ ಕೊಂಡರೂ ಆಗುವುದು ಏನು ಎಂದು ತಿಳಿಸಿ.

ಹಾದಿಗಾತಿ:

ಮೊದಲು ಹೆಲ್ಮೆಟ್. ಒಳಗಿನ ಚೀಟಿಯಲ್ಲಿ ಇಎನ್ 1078 (ಯುರೋಪಿನ ಸುರಕ್ಷತಾ ಮಾನದಂಡ) ಅಥವಾ ಸಿಪಿಎಸ್‌ಸಿ (ಅಮೆರಿಕದ್ದು) ಎಂದು ಇರಬೇಕು. ಹಿಂದಲೆಯನ್ನು ಚೆನ್ನಾಗಿ ಮುಚ್ಚುವ ಮಾದರಿ ಆರಿಸಿ. ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲಿರಬೇಕು, ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿದರೂ ಕದಲಬಾರದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಬಿರುಕು ಕಾಣದಿದ್ದರೂ ಮತ್ತೆ ಬಳಸಬಾರದು, ಏಕೆಂದರೆ ಏಟು ನುಂಗಿ ಕುಸಿಯುವ ಒಳಗಿನ ಥರ್ಮಾಕೋಲು ಒಂದೇ ಸಲಕ್ಕೆ ಇರುವಂಥದ್ದು. ಆಮೇಲೆ ಪೂರ್ತಿ ಬೆರಳಿನ ಕೈಗವಸು. ಬಿದ್ದಾಗ ನೆಲಕ್ಕೆ ಮೊದಲು ಊರುವುದು ಅಂಗೈ. ಮೂರನೆಯದು ಬಣ್ಣವಿಲ್ಲದ ಗಾಜಿನ ಕನ್ನಡಕ. ಲಂಟಾನದ ಕಡ್ಡಿ ಕಣ್ಣಿನ ಮಟ್ಟಕ್ಕೇ ಚಾಚಿರುತ್ತದೆ. ಲೈಟು, ಪ್ಯಾಡಿನ ಚಡ್ಡಿ, ನೀರಿನ ಬೆನ್ನುಚೀಲ ಇವೆಲ್ಲ ಕಾಯಬಹುದು.

ಗಾಲಿಮನೆ:

ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರು, ಚೈನ್ ಬಿಚ್ಚುವ ಸಾಧನವೂ ಸೇರಿರುವ ಮಲ್ಟಿಟೂಲ್, ಕಡಿದ ಚೈನನ್ನು ಕೂಡಿಸಲು ಹತ್ತು ಗೇರಿನ ಚೈನಿಗೆ ಹೊಂದುವ ಒಂದು ಕ್ವಿಕ್ ಲಿಂಕ್, ಫ್ರೇಮಿಗೆ ಕಟ್ಟುವ ಕೈಪಂಪು ಇರಬೇಕು. ಇವುಗಳ ಜೊತೆಗೆ ಬಹಳ ಜನ ಮರೆಯುವ ಒಂದು ಸಾಮಾನಿದೆ: ಹಿಂದಿನ ಗೇರು ಬದಲಿಸುವ ಯಂತ್ರವನ್ನು, ಅಂದರೆ ಡಿರೇಲರನ್ನು, ಫ್ರೇಮಿಗೆ ಹಿಡಿದಿಡುವ ಅಲ್ಯೂಮಿನಿಯಮ್ ಹ್ಯಾಂಗರ್. ಸೈಕಲ್ ಬಲಕ್ಕೆ ಬಿದ್ದಾಗ ಫ್ರೇಮು ಉಳಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಪ್ರತಿ ಮಾದರಿಗೂ ಬೇರೆ ಬೇರೆ ಆಕಾರವಿರುವುದರಿಂದ ಮುರಿದ ಮೇಲೆ ಹುಡುಕಿದರೆ ಸಿಗುವುದಿಲ್ಲ, ಸೈಕಲ್ ಕೊಳ್ಳುವ ದಿನವೇ ಒಂದನ್ನು ಕೇಳಿ ಪಡೆಯಿರಿ. ನಿಮ್ಮ ಫೋರ್ಕಿಗೆ ಬೇರೆಯೇ ಶಾಕ್ ಪಂಪ್ ಬೇಕು, ಟೈರಿನ ಪಂಪಾಗಲಿ ಬಂಕಿನ ಗಾಳಿಯಾಗಲಿ ಅದಕ್ಕೆ ಸಲ್ಲದು. ಸದ್ಯಕ್ಕೆ ಅಂಗಡಿಯಲ್ಲೇ ನಿಮ್ಮನ್ನು ಕೂರಿಸಿ ಗಾಳಿ ಹೊಂದಿಸಿಕೊಡಲು ಹೇಳಿ.

ಇನ್ನೊಂದು ವಿನಂತಿ. ಕೆಸರಾದ ಸೈಕಲ್ಲನ್ನು ಸ್ಕೂಟರ್ ತೊಳೆಯುವ ಅಂಗಡಿಗೆ ಒಯ್ಯಬೇಡಿ. ಜೋರಿನ ನೀರು ಹಬ್ಬಿನ ಗ್ರೀಸನ್ನು ಕೊಚ್ಚಿಕೊಂಡು ಹೋಗುತ್ತದೆ, ಆಮೇಲೆ ಹೊಳಪಿಗೆಂದು ಹೊಡೆಯುವ ಡೀಸೆಲ್ ಬ್ರೇಕಿನ ಪ್ಯಾಡನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ. ಬಕೆಟ್ ನೀರು, ಹಳೆಯ ಬ್ರಷ್ಷು ಸಾಕು.

ತುಂಗಾತೀರ:

ಸೈಕಲ್ ಮನೆಗೆ ಬಂದು ಮೂರು ವಾರವಾಯಿತು. 36 ಸಾವಿರಕ್ಕೆ ಸೈಕಲ್, 2,800ಕ್ಕೆ ಹೆಲ್ಮೆಟ್, ಕೈಗವಸು ಮತ್ತು ಕನ್ನಡಕಕ್ಕೆ 1,300, ಪೆಡಲಿಗೆ 1,500, ಉಪಕರಣ, ಟ್ಯೂಬು, ಪಂಪು, ಹ್ಯಾಂಗರ್ ಸೇರಿ 2,900. ಮುಂದಿನ ಟೈರನ್ನು ನವೆಂಬರಿಗೆ ಇಟ್ಟುಕೊಂಡಿದ್ದೇನೆ. ತುರಹಳ್ಳಿಗೆ ಮೂರು ಭಾನುವಾರ ಹೋಗಿ ಬಂದೆ. 50ರಲ್ಲಿದ್ದ ಗಾಳಿಯನ್ನು 28ಕ್ಕೆ ಇಳಿಸಿದ ದಿನ, ಹಿಂದಿನ ವಾರ ಇಳಿದು ನೂಕಿದ್ದ ಬಂಡೆಯೇರನ್ನು ಕಾಲೂರದೆ ಹತ್ತಿದೆ. ಆ ಸಂತೋಷವನ್ನು ನಿಮ್ಮೆಲ್ಲರಿಗೆ ತಿಳಿಸಲೇಬೇಕಿತ್ತು.

ಒಂದು ತೊಂದರೆ ಮಾತ್ರ ಇದೆ. ಮೊನ್ನೆ ಚೈನಿಗೆ ಸ್ಪ್ರೇ ಡಬ್ಬಿಯಿಂದ ಎಣ್ಣೆ ಹೊಡೆದೆ. ಅಂದಿನಿಂದ ಹಿಂದಿನ ಬ್ರೇಕು ಹಂದಿ ಕಿರುಚಿದಂತೆ ಸದ್ದು ಮಾಡುತ್ತಿದೆ, ಹಿಡಿತವೂ ತಗ್ಗಿದೆ.

ಗಾಲಿಮನೆ:

ಸ್ಪ್ರೇಯ ತುಂತುರು ಡಿಸ್ಕಿನ ಮೇಲೆ ಕುಳಿತಿದೆ. ಡೀಸೆಲಿನ ಬಗ್ಗೆ ಹೇಳುವಾಗಲೇ ಇದನ್ನೂ ಹೇಳಬೇಕಿತ್ತು. ಗಾಲಿ ಬಿಚ್ಚಿ, ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಶುಭ್ರವಾದ ಬಟ್ಟೆ ಅದ್ದಿ ಡಿಸ್ಕನ್ನು ಎರಡೂ ಕಡೆ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಪ್ಯಾಡುಗಳನ್ನು ಹೊರತೆಗೆದು ಸಮತಟ್ಟಾದ ಕಲ್ಲಿನ ಮೇಲೆ ಮರಳು ಕಾಗದ ಹಾಸಿ, ಹೊಳಪು ಹೋಗುವಷ್ಟು ಉಜ್ಜಿ. ಗಾಲಿ ಹೊರಗಿರುವಾಗ ಬ್ರೇಕಿನ ಹಿಡಿಯನ್ನು ಮಾತ್ರ ಒತ್ತಬೇಡಿ, ಪಿಸ್ಟನ್ ಮುಂದೆ ಬಂದುಬಿಡುತ್ತದೆ. ಮತ್ತೆ ಜೋಡಿಸಿದ ಮೇಲೆ ಖಾಲಿ ರಸ್ತೆಯಲ್ಲಿ 20 ಕಿಲೋಮೀಟರ್ ವೇಗಕ್ಕೆ ಬಂದು, ಗಾಲಿ ಪೂರ್ತಿ ನಿಲ್ಲದಂತೆ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಇಪ್ಪತ್ತು ಸಲ ಮಾಡಿ. ಹೊಸ ಪ್ಯಾಡಿಗೂ ಇದೇ ಕ್ರಮ. ಅಷ್ಟಾದರೂ ಸದ್ದು ಹೋಗದಿದ್ದರೆ ಎಣ್ಣೆ ಪ್ಯಾಡಿನೊಳಕ್ಕೇ ಇಳಿದಿದೆ ಎಂದರ್ಥ, ಬದಲಿಸುವುದೇ ದಾರಿ. ಇನ್ನು ಮುಂದೆ ತೊಟ್ಟಿಕ್ಕುವ ಸೀಸೆಯ ಎಣ್ಣೆಯನ್ನು ಚೈನಿನ ಒಂದೊಂದು ಉರುಳೆಗೆ ಒಂದು ಹನಿಯಂತೆ ಬಿಟ್ಟು, ಐದು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ.

ಮೂರು ವಾರ ತುಳಿದಿದ್ದೀರಾದ್ದರಿಂದ ಸ್ಪೋಕುಗಳು ಸಡಿಲವಾಗಿರುತ್ತವೆ, ಗೇರಿನ ತಂತಿಯೂ ಜಗ್ಗಿರುತ್ತದೆ. ಮೊದಲ ಸರ್ವಿಸ್ ಉಚಿತವಿದ್ದರೆ ಈ ವಾರವೇ ಮಾಡಿಸಿಕೊಳ್ಳಿ.

ತುಂಗಾತೀರ:

ಪ್ಯಾಡು ಉಜ್ಜಿದರೂ ಹೋಗಲಿಲ್ಲ, ಬದಲಿಸಿದೆ, ಈಗ ಸದ್ದಿಲ್ಲ. ಸ್ಪೋಕು ಬಿಗಿ ಮಾಡಿಸಿದ್ದೇನೆ, ಮುಂದಿನ ಗಾಲಿಯ ಸಣ್ಣ ಬೆಂಡನ್ನೂ ತೆಗೆದುಕೊಟ್ಟರು. ನವೆಂಬರ್ ಮೊದಲ ವಾರ ಊರಿಗೆ ಹೊರಟಿದ್ದೇನೆ. ತೋಟದ ದಾರಿಯವರೇ, ತಾವು ಹೇಳಿದ ಮುಂದಿನ ಟೈರು 2.35 ಅಂಗುಲದ್ದು ಸಿಕ್ಕಿದೆ, ಫೋರ್ಕಿನ ಕಾಲುಗಳ ನಡುವೆ ಎರಡೂ ಕಡೆ ಬೆರಳು ತೂರುವಷ್ಟು ಜಾಗ ಉಳಿಯುತ್ತದೆ. ಕೆಸರಿಗೆ ಅಷ್ಟು ಎಡೆ ಸಾಕೇ?

ತೋಟದ ದಾರಿ:

ಸಾಕು. ಬೆರಳು ಸಲೀಸಾಗಿ ಆಡುವಂತಿದ್ದರೆ ಕೆಮ್ಮಣ್ಣು ಕಟ್ಟಿಕೊಳ್ಳುವುದಿಲ್ಲ.